ಸೇತುವೆ ಬಂದಾಗ ಅಜ್ಜಿಯ ಜಪ

ಬಸ್ಸು ಕೆಟ್ಟರೆ ಒಬ್ಬ ಮೆಕ್ಯಾನಿಕ್ ಬರ್ತಾನೆ. ಬಸ್ಸು ಓಡಿಸುವವನ ಮನಸ್ಸು ಕೆಟ್ಟರೆ ಊರಿಗೆ ಊರೇ ಮೆಕ್ಯಾನಿಕ್ ಆಗುತ್ತೆ, ಒಬ್ಬೊಬ್ಬರೂ ಒಂದೊಂದು ದೇವರನ್ನು ಹಿಡಿದುಕೊಂಡು ಬರ್ತಾರೆ. ನನ್ನ ಸರ್ವೀಸಿನ ಉದ್ದಕ್ಕೂ ಇಂಥದ್ದು ನೋಡಿದ್ದೇನೆ. ಆದರೆ ನನ್ನ ಪಾಲಿಗೇ ಬಂದ ಆ ಒಂದು ಮಳೆಗಾಲ ಇದೆಯಲ್ಲ, ಅದನ್ನು ನೆನೆದರೆ ಈಗ ನಗು ಬರುತ್ತೆ. ಆಗ ಮಾತ್ರ ಜೀವ ಬಾಯಿಗೆ ಬಂದಿತ್ತು.

ಐವತ್ತರ ದಶಕದ ಕೊನೆ. ನಾನು ಹಾಸನದಿಂದ ಮೊಸಳೆ, ಹೊಳೆನರಸೀಪುರದ ಮೇಲೆ ಅರಕಲಗೂಡಿಗೆ ಹೋಗುವ ಪ್ರೈವೇಟ್ ಬಸ್ಸಿನ ಡ್ರೈವರ್. ಒಂದು ದಿನ ನರಸೀಪುರದ ಹೊಳೆ ಸೇತುವೆಯ ಮೇಲೆ ಮುಂದಿನ ಟೈರು ಢಮ್ ಅಂತ ಒಡೆಯಿತು. ಬಸ್ಸು ಪಕ್ಕಕ್ಕೆ ಎಳೆದುಕೊಂಡು ಹೋಗಿ ಅಂಚಿನ ಕಲ್ಲಿಗೆ ಒರಗಿ ನಿಂತಿತು. ಕೆಳಗೆ ಹೇಮಾವತಿ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಯಾರಿಗೂ ತರಚು ಗಾಯ ಕೂಡ ಆಗಲಿಲ್ಲ. ಜನ ಇಳಿದರು, ದೇವರಿಗೆ ಕೈಮುಗಿದರು, ನನಗೆ ಬೈದರು, ಮರೆತೂ ಬಿಟ್ಟರು.

ನಾನು ಮರೆಯಲಿಲ್ಲ. ಅವತ್ತಿನಿಂದ ಸೇತುವೆ ಹತ್ತಿರ ಬಂದರೆ ಸಾಕು, ಎದೆ ಢವಢವ, ಬಾಯಿ ಒಣಗೋದು, ಸ್ಟೇರಿಂಗ್ ಮೇಲಿನ ಕೈ ಗಡಗಡ ಅನ್ನೋದು. ಊಟ ಸೇರದು, ನಿದ್ದೆ ಹತ್ತದು. ತಲೆ ಕೆಡ್ತಾ ಇದೆಯೇನೋ ಅನ್ನುವ ಭಯ ಬೇರೆ. ಡ್ರೈವರಿಗೇ ಹೆದರಿಕೆ ಅಂತ ಗೊತ್ತಾದರೆ ಯಾರಯ್ಯಾ ಬಸ್ಸು ಕೊಡ್ತಾರೆ? ನನಗೋ, ಆ ಕೆಲಸ ಬಿಟ್ಟರೆ ಬೇರೆ ಕಸುಬು ಗೊತ್ತಿಲ್ಲ. ಕೊನೆಗೆ ಹೆಂಡತಿಯ ಹತ್ತಿರ ಬಾಯಿಬಿಟ್ಟೆ. ಅಲ್ಲಿಂದ ಶುರುವಾಯಿತು.

ಹಾರ

ಹೆಂಡತಿ ವಿಷಯವನ್ನು ಕಂಡಕ್ಟರನ ಕಿವಿಗೆ ಹಾಕಿದಳು. ಅವನು ನನ್ನ ಮಾನ ಉಳಿಸೋಕೆ ಹೋಗಿ ಬಸ್ಸಿನ ಮಾಲೀಕರಿಗೆ, ನಾವು ಸಾವ್ಕಾರ್ರು ಅಂತಿದ್ದೆವು, ಅವರಿಗೆ "ಬಸ್ಸಿಗೆ ದೃಷ್ಟಿ ತಗುಲೈತೆ ಸಾ" ಅಂದುಬಿಟ್ಟ. ಸಾವ್ಕಾರ್ರು ಚನ್ನರಾಯಪಟ್ಟಣದವರು. ಹೆಂಡತಿ ಮಕ್ಕಳಿಗೆ ನೆಗಡಿಯಾದರೆ ಕಷಾಯ ಕುಡಿಸಿ ಸುಮ್ಮನಾಗುವ ಮನುಷ್ಯ, ಬಸ್ಸಿಗೆ ದೃಷ್ಟಿ ಅಂದ ಕೂಡಲೇ ಪೂಜಾರಿಯನ್ನು ಕರೆದುಕೊಂಡು ಓಡಿ ಬಂದರು. ಬೂದುಗುಂಬಳಕಾಯಿ ಒಡೆಸಿದರು, ಚಕ್ರಕ್ಕೆಲ್ಲ ನಿಂಬೆಹಣ್ಣು ಇಡಿಸಿದರು, ಮುಂದಿನ ಗಾಜು ಪೂರ್ತಿ ಮುಚ್ಚುವ ಹಾಗೆ ಸೇವಂತಿಗೆ ಹಾರ ಹಾಕಿಸಿದರು.

"ಸಾ, ರೋಡೇ ಕಾಣಲ್ಲ" ಅಂದೆ.

"ದೇವ್ರು ನೋಡ್ಕತಾನೆ, ನೀನು ಓಡ್ಸು."

ದಾರಿಯಲ್ಲಿ ಹಾರ ಸರಿಸೋಣ ಅಂತ ಕೈ ಹಾಕಿದರೆ ಮುಂದಿನ ಸೀಟಿನವರೆಲ್ಲ "ಹಾಂ ಹಾಂ, ಮುಟ್ಟಬ್ಯಾಡ್ರಿ" ಅಂತ ಮೈಮೇಲೆ ಬಂದರು. ಕತ್ತನ್ನು ಕಿಟಕಿಯಿಂದ ಹೊರಗೆ ಹಾಕಿ, ಮಳೆಯಲ್ಲಿ ತೊಪ್ಪೆಯಾಗಿ ನೆನೆದುಕೊಂಡು ನರಸೀಪುರದ ತನಕ ಓಡಿಸಿದೆ. ಸೇತುವೆ ಬಂತು, ಕೈ ನಡುಗೋಕೆ ಶುರುವಾಯಿತು. ಕಂಡಕ್ಟರ್ ಮೆಲ್ಲಗೆ ಬಂದು ಕಿವಿಯಲ್ಲಿ ಉಸುರಿದ:

"ಎದರ್ಬ್ಯಾಡ ಕಣಣ್ಣ, ತಲೆ ಒಳಗಾಕ್ಕೊ. ಆರದ ಹಿಂದ್ಗಡೆ ಸೇತ್ವೆ ಕಾಣ್ತಾನೇ ಇಲ್ಲ!"

ಉಸಿರು

ನಮ್ಮ ಬಸ್ಸಿಗೆ ದಿನಾ ಹತ್ತುವ ಪ್ರೈಮರಿ ಸ್ಕೂಲಿನ ಮೇಷ್ಟ್ರೊಬ್ಬರಿದ್ದರು. ಆಗಷ್ಟೇ ಬೌದ್ಧರಾಗಿದ್ದರು, ಮನೆಯಲ್ಲಿ ಬುದ್ಧನ ಪಟ ಇಟ್ಟಿದ್ದರು. ಗಟ್ಟಿಯಾಗಿ ಮಾತಾಡಿದ ಮನುಷ್ಯನಲ್ಲ. ಸೇತುವೆಯ ಮೇಲೆ ನನ್ನ ಕೈ ನೋಡಿಯೇ ಅವರಿಗೆ ಎಲ್ಲ ತಿಳಿದಿತ್ತು.

"ಹೆದರಿಕೆ ಅವಮಾನ ಅಲ್ಲಪ್ಪ" ಅಂದರು. "ಅದನ್ನ ಅಟ್ಟೋಕೆ ಹೋಗಬೇಡ. ಹೊರಡೋ ಮುಂಚೆ ಸುಮ್ನೆ ಕಣ್ಣು ಮುಚ್ಚಿ ಉಸಿರು ಬರೋದು ಹೋಗೋದು ನೋಡ್ತಾ ಕೂತ್ಕೊ. ಮನಸ್ಸು ತಾನಾಗೇ ಖಾಲಿ ಆಗುತ್ತೆ."

ಅದುವರೆಗೆ ಸಿಕ್ಕಿದ ಸಲಹೆಗಳಲ್ಲಿ ನನಗೆ ಹಿಡಿಸಿದ್ದು ಇದೊಂದೇ. ಮಾರನೇ ದಿನ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಭರ್ತಿಯಾಗಿತ್ತು. ಕಂಡಕ್ಟರ್ ಕಾಫಿಗೆ ಹೋಗಿದ್ದ. ನಾನು ಸೀಟಿನಲ್ಲಿ ನೆಟ್ಟಗೆ ಕೂತು ಕಣ್ಣು ಮುಚ್ಚಿದೆ. ಉಸಿರು ಬಂತು, ಹೋಯಿತು. ಅಬ್ಬಾ, ಎಂಥ ನೆಮ್ಮದಿ ಅಂತೀರಿ! ಸುತ್ತಲಿನ ಗಲಾಟೆಯೆಲ್ಲ ತಣ್ಣಗಾಗುತ್ತಾ ಬಂತು. ಇದೇ ಶಾಂತಿ ಇರಬೇಕು ಅಂದುಕೊಂಡೆ.

ಕಣ್ಣು ಬಿಟ್ಟರೆ ಬಸ್ಸಿನಲ್ಲಿ ಒಂದು ನರಪಿಳ್ಳೆ ಇಲ್ಲ. ಯಾರೋ ಒಬ್ಬ "ಡ್ರೈವರ್ ನಿದ್ದೆ ಒಡೀತಾವ್ನೆ" ಅಂದನಂತೆ. ಇನ್ನೊಬ್ಬ ಬಗ್ಗಿ ನೋಡಿ "ನಿದ್ದೆ ಅಲ್ಲ ಕಣ್ಲಾ, ಓಗ್ಬುಟ್ಟವ್ನೆ" ಅಂದನಂತೆ. ಜನ ಗಂಟುಮೂಟೆ ಸಮೇತ ಇಳಿದು ಎದುರಿನ ಬಸ್ಸು ಹತ್ತಿ ಹೊರಟೇ ಹೋಗಿದ್ದರು. ಹಿಂದೆ ತಿರುಗಿ ನೋಡಿದರೆ ಮೇಷ್ಟ್ರು ಒಬ್ಬರೇ ಕೂತಿದ್ದರು. ಅವರೂ ಕಣ್ಣು ಮುಚ್ಚಿದ್ದರು.

ಕಂಡಕ್ಟರ್ ಬಂದು ತಲೆ ಮೇಲೆ ಕೈ ಹೊತ್ತ. "ಮೇಷ್ಟ್ರು ಖಾಲಿ ಮಾಡು ಅಂದಿದ್ದು ಮನ್ಸನ್ನ ಕಣಣ್ಣ, ಬಸ್ಸನ್ನಲ್ಲ!"

ಹಿಂದಿನ ಸೀಟಿನ ಅಜ್ಜಿ

ಸುದ್ದಿ ಸಾವ್ಕಾರ್ರಿಗೆ ಮುಟ್ಟಿತು. ಈ ಸಲ ದೃಷ್ಟಿಯ ಕಥೆ ನಡೆಯಲಿಲ್ಲ. "ಸೋಮವಾರ ನಾನೇ ಬಸ್ಸಲ್ಲಿ ಕೂರ್ತೀನಿ. ಸೇತುವೆ ನೆಟ್ಟಗೆ ದಾಟಿಸಿದ್ರೆ ಸರಿ, ಇಲ್ಲಾಂದ್ರೆ ಅಲ್ಲೇ ಇಳಿದು ಮನೇಗೆ ಹೋಗ್ತಾ ಇರು" ಅಂದರು.

ಬೇರೆ ಯಾವ ದಿನವಾದರೂ ಬನ್ನಿ ಸಾ ಅಂತ ಬೇಡಿಕೊಂಡೆ. ಯಾಕೆ ಅಂದರೆ ಸೋಮವಾರ ಅಜ್ಜಿಯ ದಿನ.

ಈ ಅಜ್ಜಿ ಪ್ರತಿ ಸೋಮವಾರ ಮೊಸಳೆಯಲ್ಲಿ ಹತ್ತಿ ಅರಕಲಗೂಡಿನ ಮಗಳ ಮನೆಗೆ ಹೋಗುತ್ತಿದ್ದಳು. ನನ್ನ ಬೆನ್ನ ಹಿಂದಿನ ಸೀಟೇ ಆಗಬೇಕು. ನನ್ನ ತಲೆಯ ಮೇಲೆ "ಚಾಲಕರೊಡನೆ ಮಾತನಾಡಬಾರದು" ಅಂತ ಬರೆದಿತ್ತು. ಅಜ್ಜಿ ನನ್ನ ಜೊತೆ ಇರಲಿ, ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ಕಣ್ಣು ಮುಚ್ಚಿ "ನರಸಿಂಹಾ, ನರಸಿಂಹಾ" ಅಂತ ಜಪ. ಮೊದಮೊದಲು ಪಿಸಪಿಸ ಅನ್ನೋದು, ಹೊಳೆ ಹತ್ತಿರದ ತಿರುವು ಬಂದ ಹಾಗೆ ಏರುತ್ತಾ ಹೋಗೋದು. ಸೇತುವೆಯ ಮೇಲಂತೂ "ನರಸಿಂಹಾ ಕಾಪಾಡಪ್ಪೋ!" ಅಂತ ಕಿವಿ ತೂತು ಬೀಳುವ ಕೂಗು.

"ಆ ಮುದುಕಿಗೆ ಮುಂದಾಗೋದು ಕಾಣುತ್ತೆ ಕಣೆ" ಅಂದೆ ಹೆಂಡತಿಗೆ. "ಇಲ್ಲದಿದ್ರೆ ಸರಿಯಾಗಿ ಸೇತುವೆ ಮೇಲೇ ಯಾಕೆ ಹಂಗೆ ಬಾಯಿ ಬಡ್ಕೋತಾಳೆ?"

ಧೈರ್ಯ ಹೇಳಬೇಕಾದವಳು ಏನಂದಳು ಗೊತ್ತೇ? "ಅಂಥವ್ರ ನಾಲ್ಗೆ ಸುಳ್ಳಾಗಲ್ಲ ಕಣ್ರೀ."

ಸೇತುವೆ

ಸೋಮವಾರ ಬಂತು. ಸಾವ್ಕಾರ್ರು ಇಸ್ತ್ರಿ ಮಾಡಿದ ಬಿಳಿ ಕೋಟು ಹಾಕಿಕೊಂಡು ನನ್ನ ಪಕ್ಕದ ಸೀಟಿನಲ್ಲಿ ಕೂತರು. ಮೊಸಳೆಯಲ್ಲಿ ಅಜ್ಜಿ ಹತ್ತಿದಳು. ಮಳೆ ಸುರಿಯುತ್ತಲೇ ಇತ್ತು. ತಿರುವಿನಲ್ಲಿ ಜಪ ಏರಿತು.

ಸೇತುವೆಗೆ ಚಕ್ರ ಇಟ್ಟೆ. ಹೊಳೆ ಎರಡೂ ದಡ ಕೊಚ್ಚುತ್ತಿತ್ತು. ನಟ್ಟ ನಡುವೆ ಬಂದಾಗ ಅಜ್ಜಿ "ಕಾಪಾಡಪ್ಪೋ!" ಅಂದಳು ನೋಡಿ, ನನ್ನ ಕೈ ಮರಗಟ್ಟಿ ಹೋಯಿತು. ಬ್ರೇಕ್ ಒತ್ತಿದೆ. ಬಸ್ಸು ನಿಂತಿತು. ಸಾವ್ಕಾರ್ರು ನನ್ನ ಮುಖ ನೋಡಿದರು, ನನ್ನ ಕೈ ನೋಡಿದರು. ಮುಗೀತು, ನನ್ನ ಅನ್ನ ಮುಗೀತು ಅಂದುಕೊಂಡೆ.

ಅಳು, ಸಿಟ್ಟು ಎರಡೂ ಒಟ್ಟಿಗೆ ಉಕ್ಕಿದವು. ಹಿಂದೆ ತಿರುಗಿ ಕೈಮುಗಿದೆ. "ಅಜ್ಜೀ, ನಿನ್ನ ದಮ್ಮಯ್ಯ! ನಿನಗೆ ಏನು ಕಾಣ್ತಾ ಐತೆ, ಹೇಳ್ಬಿಡು. ಬಸ್ಸು ಹೊಳೆಗೆ ಬೀಳ್ತದಾ? ನಾನು ಸಾಯ್ತೀನಾ?"

ಅಜ್ಜಿ ಬೇಡ ಬೇಡ ಅಂತ ಕೈ ಆಡಿಸಿದಳು. ಜಪ ನಿಲ್ಲಿಸಲಿಲ್ಲ.

"ಹೇಳೋ ತನಕ ಬಸ್ಸು ತೆಗೆಯಲ್ಲ ನಾನು!" ಅಂದೆ.

"ಹೇಳಮ್ಮಾ, ಅದೇನು ಹೇಳ್ಬಿಡು!" ಅಂತ ಸಾವ್ಕಾರ್ರೂ ಅವಳ ಕಡೆ ಬಾಗಿದರು.

ಅಜ್ಜಿ ಜಪ ನಿಲ್ಲಿಸಿದಳು. ಬಾಯಿ ತೆರೆದಳು. "ಅಯ್ಯೋ ನಿನ್ನ ಮನೆ ಕಾಯ್ವಾಗ! ನಂಗೇನ್ ಕಾಣ್ತದ್ಲಾ ಮಗ? ನಂಗೆ ಬಸ್ಸಂದ್ರೆ ವಾಂತಿ. ಆ ತಿರುವು ತಿರುಗುದ್ರೆ ಒಟ್ಟೆ ತೊಳಸ್ತದೆ. ಸ್ವಾಮಿ ಎಸ್ರು ಏಳ್ತಾ ಇದ್ರೆ ತಡ್ಕತೀನಿ. ಈಗ ಮಾತಾಡ್ಸ್ಬುಟ್ಟಲ್ಲೋ..."

ಅಷ್ಟೇ. ಮುಂದಿನದೆಲ್ಲ ಸಾವ್ಕಾರ್ರ ಬಿಳಿ ಕೋಟಿನ ಮೇಲೆ ಆಯಿತು.

ನನಗೆ ಎಲ್ಲಿಂದ ನಗು ಬಂತೋ ಕಾಣೆ. ತಿಂಗಳುಗಟ್ಟಲೆ ಎದೆಯೊಳಗೆ ಕೂತಿದ್ದದ್ದೆಲ್ಲ ಕಿತ್ತುಕೊಂಡು ಬಂದ ಹಾಗೆ ನಕ್ಕೆ, ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಬಸ್ಸಿಗೆ ಬಸ್ಸೇ ನಕ್ಕಿತು. "ನಗೋದು ಸಾಕು, ಮೊದ್ಲು ದಡಕ್ಕೆ ಬಿಡಯ್ಯಾ!" ಅಂತ ಸಾವ್ಕಾರ್ರು ಅರಚಿದರು. ಗೇರ್ ಹಾಕಿದೆ, ಸೇತುವೆ ದಾಟಿದೆ. ದಡದಲ್ಲಿ ಸಾವ್ಕಾರ್ರು ಕೋಟು ಹಿಂಡಿಕೊಳ್ಳುತ್ತಾ ನಿಂತಾಗಲೇ ನನಗೆ ಹೊಳೆದದ್ದು, ಕೈ ನಡುಗಿಯೇ ಇರಲಿಲ್ಲ.

ಕೆಲಸ ಉಳಿಯಿತು. ಅಲ್ಲಿಂದ ಮುಂದೆ ಸೇತುವೆ ಬಂದರೆ ಅಜ್ಜಿಯ ಜೊತೆ ನಾನೂ "ನರಸಿಂಹಾ" ಅನ್ನುತ್ತಿದ್ದೆ. ಅವಳಿಗೆ ಹೊಟ್ಟೆ ನಿಲ್ಲುತ್ತಿತ್ತು, ನನಗೆ ಕೈ ನಿಲ್ಲುತ್ತಿತ್ತು. ಮಾರನೇ ವಾರ ತಲೆಯೆತ್ತಿ ನೋಡಿದರೆ, "ಚಾಲಕರೊಡನೆ ಮಾತನಾಡಬಾರದು" ಅನ್ನುವುದರ ಕೆಳಗೆ ಸಾವ್ಕಾರ್ರು ದಪ್ಪ ಅಕ್ಷರದಲ್ಲಿ ಇನ್ನೊಂದು ಸಾಲು ಬರೆಸಿದ್ದರು: "ಚಾಲಕರೂ ಅಜ್ಜಿಯೊಡನೆ ಮಾತನಾಡಬಾರದು."