ಹೆಜ್ಜೆ ಎಣಿಸುತ್ತ ಕಡಲಿಗೆ

ಹೊಸ ಜಾಗ ಕಂಡರೆ ಕೆಲವರಿಗೆ ಫೋಟೊ ತೆಗೆಯುವ ಆಸೆ, ಕೆಲವರಿಗೆ ಅಲ್ಲೇನು ತಿನ್ನಲು ಸಿಗುತ್ತದೆ ಎಂಬ ಚಿಂತೆ. ನನಗೆ ಮಾತ್ರ ಅದು ಎಷ್ಟು ಉದ್ದ, ಎಷ್ಟು ಅಗಲ ಎಂದು ತಿಳಿಯದಿದ್ದರೆ ಸಮಾಧಾನವಿಲ್ಲ. ಶಿಕಾರಿಪುರ ತಾಲ್ಲೂಕಿನಲ್ಲಿ ಸರ್ವೆಯರ್ ಆಗಿ ಊರವರ ಹೊಲಗದ್ದೆ ಅಳೆದು ನಿವೃತ್ತನಾದವನು ನಾನು. ಕೆಲಸ ಬಿಟ್ಟರೂ ಚಟ ಬಿಟ್ಟಿಲ್ಲ. ಮದುವೆಗೆ ಹೋದರೆ ಬಾಗಿಲಿನಿಂದ ಊಟದ ಪಂಕ್ತಿಗೆ ಎಷ್ಟು ಹೆಜ್ಜೆ ಎಂದು ಎಣಿಸಿಯೇ ಎಲೆಯ ಮುಂದೆ ಕೂರುತ್ತೇನೆ. ನನ್ನ ತುಟಿ ಅಲ್ಲಾಡುವುದನ್ನು ಕಂಡು, ಯಾವುದೋ ಸ್ತೋತ್ರ ಹೇಳುತ್ತಿದ್ದೇನೆಂದು ಒಬ್ಬ ಅಜ್ಜಿ ಕೈ ಮುಗಿದದ್ದೂ ಉಂಟು.

ನನ್ನ ಹೆಂಡತಿ ಸುಮಿತ್ರೆ ಸೊರಬದ ಕಡೆಯವಳು, ಚಂದ್ರಗುತ್ತಿಯಲ್ಲಿ ಬೆಳೆದವಳು. ಅಂಜನಾಪುರದ ಜಲಾಶಯಕ್ಕಿಂತ ದೊಡ್ಡ ನೀರು ಕಂಡವಳಲ್ಲ. ಸೂರ್ಯ ಕಡಲಿಗೆ ಇಳಿಯುವುದನ್ನು ಇಬ್ಬರೂ ಒಟ್ಟಿಗೆ ನಿಂತು ನೋಡಬೇಕೆಂಬುದು ಅವಳ ಬಹುದಿನದ ಆಸೆ. ಅಂತೂ ಹೋದ ಚಳಿಗಾಲದಲ್ಲಿ ಕುಮಟೆಯ ಕಡೆ ಹೊರಟೆವು. ಸಂಜೆ ಬಸ್ಸಿಳಿದಲ್ಲಿ ಚಹಾದಂಗಡಿಯವರು, ಕಾಡಿನ ಕಣಿವೆ ಇಳಿದರೆ ಬಂಡೆಗಳ ತೀರ ಸಿಗುತ್ತದೆ, ಬರೀ ಒಂದು ಮೈಲು ಎಂದರು. ನಿಜವಾಗಿಯೂ ಒಂದೇ ಮೈಲೇ? ನನ್ನ ತಲೆಗೆ ಹುಳ ಹೊಕ್ಕಿತು. ಎರಡೂವರೆ ಅಡಿಗೆ ಒಂದು ಹೆಜ್ಜೆಯಂತೆ ಎಣಿಸತೊಡಗಿದೆ.

ನಾನೂರು ದಾಟಿತ್ತು. "ರೀ, ಆ ಕೆಂಪು ಹಣ್ಣು ಎಂತದು?" ಎಂದಳು. ಲೆಕ್ಕ ತಪ್ಪಿತು. ಅಂದಾಜಿನಲ್ಲಿ ಮುಂದುವರಿಯಬಹುದಿತ್ತು, ಆದರೆ ಅಳತೆಯಲ್ಲಿ ಅಂದಾಜು ಬೆರೆಸುವುದು ನಮ್ಮ ಕಸುಬಿನಲ್ಲಿ ಪಾಪ. ಅಂಗಡಿಯ ತನಕ ವಾಪಸು ಹೋಗಿ ಒಂದರಿಂದ ಶುರುಮಾಡಿದೆ. ಪಾಪ, ಅವಳು ಆ ಹಣ್ಣಿನ ಮರದಡಿಯೇ ಕಾದಿದ್ದಳು. ಸಾವಿರದ ನೂರರ ಹೊತ್ತಿಗೆ ದೊಡ್ಡ ಕೊಕ್ಕಿನ ಹಕ್ಕಿಯೊಂದು ತಲೆಯ ಮೇಲೆ ಹಾರಿತು. "ಅಲ್ನೋಡ್ರೀ!" ಎಂದು ತೋಳು ಹಿಡಿದೆಳೆದಳು. ನೋಡಿದೆ. ಲೆಕ್ಕ ಹೋಯಿತು. ನಾನು ಮತ್ತೆ ಹಿಂದಕ್ಕೆ ತಿರುಗಿದ್ದನ್ನು ಕಂಡು, "ನೀವು ಎಣಿಸ್ಕೊಂಡೇ ಬನ್ರಿ. ಸೂರ್ಯ ನಿಮ್ಮ ಲೆಕ್ಕಕ್ಕೆ ಕಾಯೂದಿಲ್ಲ" ಎಂದು ಒಬ್ಬಳೇ ಇಳಿದುಹೋದಳು.

ಈ ಸಲ ತಡೆಯುವವರಿರಲಿಲ್ಲ. ಎರಡು ಸಾವಿರದ ಆರುನೂರ ಎಂಬತ್ತು. ಒಂದೂಕಾಲು ಮೈಲಿಗಿಂತ ಹೆಚ್ಚೇ! ಅಂಗಡಿಯವರ ಸುಳ್ಳು ಹಿಡಿದ ಖುಷಿಯಲ್ಲಿ ಕಾಡಿನಿಂದ ಹೊರಗೆ ಬಂದೆ. ಬಂಡೆಯ ಮೇಲೆ ಸುಮಿತ್ರೆ ಸುಮ್ಮನೆ ಕೂತಿದ್ದಳು. ಎದುರಿಗೆ ಆಕಾಶವಷ್ಟೇ ಕೆಂಪಗಿತ್ತು, ಸೂರ್ಯ ಇರಲಿಲ್ಲ.

"ಎಷ್ಟಾತು?" ಎಂದಳು. ಹೇಳಿದೆ.

"ಅದ್ರಾಗೆ ನನ್ನ ಜೊತೆ ನಡೆದಿದ್ದು ಎಷ್ಟು?"

ಒಂದೂ ಇಲ್ಲ. ಜೀವಮಾನದಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಇನ್ನೂ ಬೆಳಕಿರುವಾಗಲೇ ಕಣಿವೆ ಹತ್ತಿದೆವು. ಅವಳ ಕೈ ಹಿಡಿದು, ಅವಳ ಪುಟ್ಟ ಹೆಜ್ಜೆಗೆ ನನ್ನ ಹೆಜ್ಜೆ ಹೊಂದಿಸಿ, ಹಕ್ಕಿಯ ಬಗ್ಗೆ, ಹಣ್ಣಿನ ಬಗ್ಗೆ ನಾನೇ ಮಾತು ತೆಗೆದು ನಡೆದೆ. ಅಂಗಡಿ ಕಾಣಿಸಿದಾಗ, "ಈಗ ನೋಡ್ರಿ, ಎಣಿಸ್ದೆ ನಡೆದ್ರೆ ಎಷ್ಟು ಚಂದ" ಎಂದಳು. ಹೌದೆಂದು ತಲೆಯಾಡಿಸಿದೆ.

ಮೂರು ಸಾವಿರದ ನೂರ ಹನ್ನೆರಡು. ಅವಳಿಗೆ ಇನ್ನೂ ಹೇಳಿಲ್ಲ.