ನೋಟೀಸಿನ ಹಿಂಬದಿ

ನಮ್ಮ ಸೋದರಮಾವ ಪುರಸಭೆಯ ಆರೋಗ್ಯ ನಿರೀಕ್ಷಕರು, ಆದರೆ ಅವರಿಗೆ ಮೂಗೇ ಇರಲಿಲ್ಲ! ಗಾಬರಿಯಾಗಬೇಡಿ. ಮುಖದ ಮೇಲೆ ಇರಬೇಕಾದ ಜಾಗದಲ್ಲಿ ಅದು ಇತ್ತು, ಅದರ ಮೇಲೆ ಕನ್ನಡಕವೂ ಕೂತಿತ್ತು, ದಿನಕ್ಕೆ ನಾಲ್ಕು ಸಲ ನಶ್ಯವೂ ಏರುತ್ತಿತ್ತು. ವಾಸನೆ ಹಿಡಿಯುವ ಕೆಲಸವನ್ನು ಮಾತ್ರ ಅದು ಎಂದೋ ಬಿಟ್ಟಿತ್ತು. ನಶ್ಯದಿಂದ ಹೋಯಿತು ಎಂದು ಡಾಕ್ಟರು, ಚರಂಡಿಗೆ ಬಗ್ಗಿ ಬಗ್ಗಿ ಹೋಯಿತು ಎಂದು ನಮ್ಮತ್ತೆ. ಊರಿನ ನಾತಕ್ಕೆ ಜವಾಬ್ದಾರನಾದವನಿಗೇ ನಾತ ತಿಳಿಯದಿದ್ದರೆ ಏನು ಗತಿ? ಅದಕ್ಕೆ ಮಾವ ಅತ್ತೆಯ ಮೂಗನ್ನು ಬಳಸುತ್ತಿದ್ದರು. ಸಂತೆಗೆ ಹೊರಟ ಅತ್ತೆಯನ್ನು ಚರಂಡಿ ಪಕ್ಕ ನಿಲ್ಲಿಸಿ "ಹೆಂಗಿದೆಯೇ?" ಅನ್ನುವುದು. ಅತ್ತೆ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು "ನಿಮ್ ಕೈ ಹಿಡಿದಾಗ ಹೆಂಗಿತ್ತೋ ಹಂಗೇ ಇದೆ" ಅನ್ನುವುದು. ಮಾವ ಡೈರಿ ತೆಗೆದು 'ಸುಧಾರಣೆ ಇಲ್ಲ' ಎಂದು ಬರೆದುಕೊಳ್ಳುತ್ತಿದ್ದರು.

ಊರು ಯಾವುದು ಅಂತ ಕೇಳಬೇಡಿ. ಎಪ್ಪತ್ತರ ದಶಕದಲ್ಲಿ ಶ್ರೀನಿವಾಸಪುರದಿಂದ ಬಸ್ಸಿನಲ್ಲಿ ಬರುವಾಗ ನಾಲ್ಕು ಜನ ಒಟ್ಟಿಗೆ ಕಿಟಕಿ ಎಳೆದುಕೊಂಡರೆ, ಅದೇ ನಮ್ಮೂರು. ಕಾರಣ, ಕೆರೆಯ ಕಡೆಗಿದ್ದ ಒಂದು ಬೀದಿ. ಆ ಬೀದಿ ತುಂಬ ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಮನೆಗಳು. ಬೆಂದ ಹುಳುವಿನ ನೀರು ಚರಂಡಿಗೆ, ಚರಂಡಿ ಕೆರೆಗೆ, ಒಲೆಯ ಹೊಗೆ ಎಲ್ಲರ ಕಣ್ಣಿಗೆ! ಆ ಬೀದಿಯ ಹಿರಿಯ ಬಾಷಾ ಸಾಬರು. ಅವರಪ್ಪನೂ ಅದೇ ಚರಕ ತಿರುಗಿಸಿದವರು, ಅವರ ಹೆಂಡತಿಯೂ ಮಗಳೂ ಅದೇ ಬಿಸಿನೀರಿನಲ್ಲಿ ಬೆರಳು ಸುಟ್ಟುಕೊಂಡವರು. ಆ ಒಲೆ ಆರಿದರೆ ಅವರಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

ಇಂಥ ಕಡೆ ಪುರಸಭೆಯ ಕೈಯಲ್ಲಿದ್ದ ಒಂದೇ ಔಷಧಿ ನೋಟೀಸು. 'ಏಳು ದಿನದೊಳಗೆ ನಿಲ್ಲಿಸತಕ್ಕದ್ದು.' ನಿಲ್ಲಿಸಿ ಅನ್ನುವುದಕ್ಕೆ ಯಾವನಿಗೆ ಬರುವುದಿಲ್ಲ, ಹೇಗೆ ಮಾಡಬೇಕು ಅಂತ ಹೇಳಿಕೊಡುವುದಕ್ಕಲ್ಲವೇ ನಾವಿರುವುದು ಎಂದು ಮಾವ ಆಫೀಸಿನಲ್ಲಿ ಕಂಡವರ ಜೊತೆಯೆಲ್ಲ ಜಗಳವಾಡುತ್ತಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳದಿದ್ದಾಗ ನೋಟೀಸಿನ ಹಿಂಬದಿಯಲ್ಲಿ ಚಿತ್ರ ಬರೆಯಲು ಶುರು ಮಾಡಿದರು. ಸೌದೆ ಕಡಿಮೆ ಉರಿಯುವ ಒಲೆ, ಹೊಗೆ ಮೇಲಕ್ಕೆ ಹೋಗುವ ಕೊಳವೆ, ಕೊಳಕು ನೀರು ಸೋಸುವ ಮರಳು ಇದ್ದಿಲಿನ ಗುಂಡಿ, ಮಾವಿನ ಮಂಡಿಯವರಿಗೆ ಕೊಳೆತ ಹಣ್ಣಿನ ಗೊಬ್ಬರ. ಮುಂದೆ ಬೈಗುಳ, ಹಿಂದೆ ಬುದ್ಧಿವಾದ! ನಮ್ಮೂರಿನಲ್ಲಿ ಜನ ಕೇಳಿ ನೋಟೀಸು ತೆಗೆದುಕೊಂಡದ್ದು ಆ ಕಾಲದಲ್ಲೇ.

ಮೊದಲು ಕೇಳಿದವನು ಬಸ್‌ಸ್ಟ್ಯಾಂಡಿನ ಹೋಟೆಲಿನವನು. ಮಾವನ ಚಿತ್ರದ ಪ್ರಕಾರ ಹೊಸ ಒಲೆ ಕಟ್ಟಿಸಿದ. ಬೆಂಕಿ ಹಚ್ಚಿದ ಮೊದಲ ದಿನ ಹೊಗೆಯೆಲ್ಲ ಮೇಜಿನ ಕೆಳಗಿಂದ ಎದ್ದು, ತಿಂಡಿ ತಿನ್ನುತ್ತಿದ್ದವರು ಇಡ್ಲಿ ಕೈಯಲ್ಲಿ ಹಿಡಿದು ರಸ್ತೆಗೆ ಓಡಿದರು. ಮಾವ ಹೋಗಿ ನೋಡಿದರೆ ಕೊಳವೆ ನೆಲದೊಳಗೆ ಇಳಿದಿದೆ. ಮೇಸ್ತ್ರಿಯನ್ನು ಕರೆಸಿ ಕೇಳಿದರು. ಮುಳಬಾಗಿಲಿನ ಆಚೆಯ ತೆಲುಗು ಮೇಸ್ತ್ರಿ, ಬಹಳ ವಿನಯದ ಮನುಷ್ಯ. ಕಾಗದದ ಮೇಲಿದ್ದ ಮೊಹರು ತೋರಿಸಿ, "ಸರ್ಕಾರದ ಮೊಹರನ್ನ ತಲೆಕೆಳಗಾ ಹಿಡ್ಕೊಳ್ಳೋಕೆ ಆಗ್ತದಾ ಸಾರ್?" ಅಂದ. ಮೊಹರಿನ ಮಸಿ ಹಿಂಬದಿಗೂ ಇಳಿದಿತ್ತು. ಅದನ್ನು ನೆಟ್ಟಗೆ ಹಿಡಿದರೆ ಮಾವನ ಚಿತ್ರ ತಲೆಕೆಳಗಾಗುತ್ತಿತ್ತು. ಅಂದಿನಿಂದ ಮಾವ ಪ್ರತಿ ಚಿತ್ರದ ಮೇಲೂ ಕೆಂಪು ಮಸಿಯಲ್ಲಿ ಬಾಣ ಎಳೆದು 'ಮೇಲೆ' ಎಂದು ಬರೆಯತೊಡಗಿದರು.

ಇನ್ನು ಪಾರ್ಕಿನ ಕಥೆ. ಮಾವ ಬಾಷಾ ಸಾಬರ ಬೀದಿಯ ಬೆಂದ ಹುಳುವನ್ನು ಚರಂಡಿಗೆ ಸುರಿಯುವ ಬದಲು ಪುರಸಭೆಯ ಪಾರ್ಕಿನ ಗಿಡಗಳಿಗೆ ಗೊಬ್ಬರವಾಗಿ ಹೂಳಿಸಿದರು. ಯೋಚನೆ ಚಿನ್ನದಂಥದು. ಊರಿನ ನಾಯಿಗಳೂ ಹಾಗೆಯೇ ತಿಳಿದವು. ಬೆಳಗಾಗುವುದರಲ್ಲಿ ಪಾರ್ಕನ್ನೆಲ್ಲ ಬಗೆದು, ಅಧ್ಯಕ್ಷರ ಹೆಸರಿದ್ದ ಶಂಕುಸ್ಥಾಪನೆಯ ಕಲ್ಲನ್ನೂ ಉರುಳಿಸಿದ್ದವು. ಅಧ್ಯಕ್ಷರು ನಾಯಿಗಳಿಗೆ ನೋಟೀಸು ಕೊಡಲಾಗದೆ ಮಾವನಿಗೆ ಕೊಟ್ಟರು.

ಅದರ ಹಿಂಬದಿಯಲ್ಲೇ ಮಾವ ತಮ್ಮ ಅರ್ಜಿ ಬರೆದರು. ನೂಲಿನ ಬೀದಿಯ ಹಿಂದೆ ಪುರಸಭೆಯದೇ ಬೀಳು ಜಾಗವಿದೆ. ಅದನ್ನು ಕೊಡಿ, ನಾಲ್ಕು ಗಾಡಿ ಕಲ್ಲು ಕೊಡಿ, ಬೀದಿಯವರೇ ಸೇರಿ ಸೋಸುಗುಂಡಿ ಕಟ್ಟಿಕೊಳ್ಳುತ್ತಾರೆ. ಕೆರೆಯೂ ಉಳಿಯುತ್ತದೆ, ಕಸುಬೂ ಉಳಿಯುತ್ತದೆ. ಇಷ್ಟೇ. ಒಂದು ಸಭೆಯಲ್ಲಿ ವಿಷಯ ಬರುವ ಮೊದಲೇ ಕಾಫಿ ಬಂತು. ಇನ್ನೊಂದರಲ್ಲಿ ಕರೆಂಟು ಹೋಯಿತು. ಆಮೇಲೆ ಮಾವಿನ ಸುಗ್ಗಿ ಶುರುವಾಯಿತು. ಸುಗ್ಗಿಯಲ್ಲಿ ನಮ್ಮೂರಿನ ಸದಸ್ಯರೆಲ್ಲ ಮಂಡಿಯಲ್ಲಿ, ಸಭೆಗೆ ಕೋರಂ ಆಗುವುದು ಆಷಾಢದಲ್ಲಿ! ಕೊನೆಗೆ ಚರ್ಚೆಗೆ ಬಂದ ದಿನ ಅಧ್ಯಕ್ಷರು, ಪುರಸಭೆ ಇರುವುದು ನೋಟೀಸು ಕೊಡುವುದಕ್ಕೆ, ಗುಂಡಿ ತೋಡುವುದಕ್ಕಲ್ಲ ಅಂದರಂತೆ. ಮಾವ ಮನೆಗೆ ಬಂದು ಕೋಟು ಕೂಡ ಬಿಚ್ಚದೆ ಕೂತಿದ್ದರು. ನನಗೆ ಅವರ ಮೇಲೇ ಕೋಪ ಬಂತು. ಊರಿಗೆ ಬೇಡದ ಉಸಾಬರಿ ನಿಮಗ್ಯಾಕೆ ಮಾವ ಅಂದೆ.

ಆ ವರ್ಷ ಕೆರೆಯ ಮೀನು ಸತ್ತು ತೇಲಿದವು. ಬೀದಿಯ ಒಲೆಗಳನ್ನೆಲ್ಲ ಮುಚ್ಚಿಸಲು ತೀರ್ಮಾನವಾಯಿತು, ಈ ತೀರ್ಮಾನಕ್ಕೆ ಮಾತ್ರ ಕೋರಂ ಇತ್ತು. ನೋಟೀಸು ಹಂಚಬೇಕಾದವರು ಮಾವನೇ. ಒಂದು ಇಡೀ ಭಾನುವಾರ ಕೂತು ಒಂದೊಂದರ ಹಿಂದೆಯೂ ಅದೇ ಗುಂಡಿ, ಅದೇ ಒಲೆ, ಅದೇ ಕೆಂಪು ಬಾಣ ಬರೆದರು. ಮುಚ್ಚಿ ಅನ್ನುವ ಕಾಗದದ ಹಿಂದೆ ಹೇಗೆ ನಡೆಸಬೇಕು ಅಂತ ಬರೆಯುತ್ತಿದ್ದೀರಲ್ಲ, ತಲೆ ಕೆಟ್ಟಿದೆಯೇ ಎಂದು ಕೇಳಿದೆ.

"ಮುಂದಿಂದು ಪುರಸಭೆದು ಕಣೋ. ಹಿಂದಿಂದು ನಂದು" ಅಂದರು.

ಅವರ ಜೊತೆ ನಾನೂ ಹೋದೆ. ಬಾಷಾ ಸಾಬರು ಚರಕ ನಿಲ್ಲಿಸಿ, ಒದ್ದೆ ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡರು. ಮುಂಬದಿ ಓದಿದರು, ತಿರುಗಿಸಿ ಹಿಂಬದಿ ಬಹಳ ಹೊತ್ತು ನೋಡಿದರು. "ಮುಂದೆ ನೋಡ್ಲಾ ಸಾಬ್, ಹಿಂದೆ ನೋಡ್ಲಾ?" ಅಂದರು. ಮಾವ ಉಳಿದ ನೋಟೀಸು ಹಿಡಿದು ಪಕ್ಕದ ಮನೆಗೆ ನಡೆದರು. ತಿಂಗಳೊಳಗೆ ಬೀದಿ ಖಾಲಿಯಾಯಿತು. ಚರಕಗಳನ್ನು ಎತ್ತಿನ ಗಾಡಿಗೆ ಏರಿಸುವಾಗ ಮಾವ ಹಗ್ಗ ಬಿಗಿಯುವುದಕ್ಕೆ ಕೈ ಹಾಕಿದರು, ಯಾರೂ ಅವರನ್ನು ಮಾತಾಡಿಸಲಿಲ್ಲ.

ಆಮೇಲಾದರೂ ಕೆರೆ ತಿಳಿಯಾಯಿತೇ? ಎಲ್ಲಿಯ ತಿಳಿ! ಮಂಡಿಯ ಕೊಳೆ, ಹೋಟೆಲಿನ ಮುಸುರೆ, ಊರಿನ ಬಚ್ಚಲು, ಎಲ್ಲ ಅದೇ ಚರಂಡಿಯಲ್ಲೇ ಅಲ್ಲವೇ ಹರಿಯುತ್ತಿದ್ದುದು? ಮಾವ ಅತ್ತೆಯನ್ನು ನಿಲ್ಲಿಸಿ ಕೇಳಿದರು. ಅತ್ತೆ ಆವತ್ತು ತಮಾಷೆ ಮಾಡಲಿಲ್ಲ, ಇಲ್ಲ ಎಂದು ತಲೆಯಾಡಿಸಿದರು. 'ಸುಧಾರಣೆ ಇಲ್ಲ' ಎಂದು ಬರೆದು ಡೈರಿ ಮುಚ್ಚಿದವರು ಮತ್ತೆ ಅದನ್ನು ತೆರೆಯಲಿಲ್ಲ. ನಿವೃತ್ತಿಯಾದ ದಿನ, ಮೂವತ್ತು ವರ್ಷದಲ್ಲಿ ನನ್ನಿಂದ ಒಂದು ಬೀದಿ ಮುಚ್ಚಿದ್ದು ಬಿಟ್ಟರೆ ಏನೂ ಆಗಲಿಲ್ಲ ಅಂದರು. ಹಾರ ಹಾಕಲು ಬಂದವರು ಅದನ್ನೂ ಹಾಸ್ಯ ಅಂದುಕೊಂಡು ನಕ್ಕರು.

ಕೆಲವು ವರ್ಷದ ಮೇಲೆ ಮುಳಬಾಗಿಲು ಕಡೆಯ ಒಂದು ಹಳ್ಳಿಯಿಂದ ಬಾಷಾ ಸಾಬರ ಮಗಳ ಮದುವೆ ಪತ್ರಿಕೆ ಬಂತು. ಮಾವ ಹೋಗಲಾರೆ ಅಂದರು, ಮುಖ ತೋರಿಸಲಿ ಹೇಗೆ ಅಂದರು. ಅತ್ತೆ ಎಳೆದುಕೊಂಡು ಹೊರಟರು, ನಾನೂ ಬಸ್ಸು ಹತ್ತಿದೆ. ಊಟವಾದ ಮೇಲೆ ಬಾಷಾ ಸಾಬರು ಮಾವನ ಕೈ ಹಿಡಿದು ಮನೆಯ ಹಿಂದಕ್ಕೆ ಕರೆದೊಯ್ದರು. ಚರಕದ ಕೊಟ್ಟಿಗೆಯ ಗೋಡೆಯ ಮೇಲೆ ಗಾಜಿನ ಕಟ್ಟು ಹಾಕಿಸಿದ ಒಂದು ಕಾಗದ ನೇತಾಡುತ್ತಿತ್ತು. ಆ ನೋಟೀಸೇ. ಮುಚ್ಚಿ ಅನ್ನುವ ಮುಖ ಗೋಡೆಯ ಕಡೆಗಿತ್ತು, ಕೆಂಪು ಬಾಣ ನಮ್ಮ ಕಡೆಗಿತ್ತು. ಅದರ ಆಚೆ ನೆಲದಲ್ಲಿ ಕಲ್ಲು ಕಟ್ಟಿದ ಗುಂಡಿ, ಮರಳು, ಇದ್ದಿಲು. ಸೋಸಿದ ನೀರು ಸಣ್ಣ ಕಾಲುವೆಯಲ್ಲಿ ಹಿಪ್ಪುನೇರಳೆ ಸಾಲಿಗೆ ಹೋಗುತ್ತಿತ್ತು.

"ಬಾಣ ಮೇಲಕ್ಕೆ ಮಾಡಿ ಹಿಡ್ಕೊಂಡೇ ಕಟ್ಟಿದೆ ಸಾಬ್" ಅಂದರು ಬಾಷಾ ಸಾಬರು.

ಮಾವ ಕೂತು ಬೊಗಸೆಯಲ್ಲಿ ನೀರು ತೆಗೆದರು. ಅಭ್ಯಾಸಬಲದಿಂದ ಮೂಗಿನ ಹತ್ತಿರ ತಂದು, ಹಾಗೇ ಹಿಡಿದುಕೊಂಡರು. ಅತ್ತೆಯ ಕಡೆ ನೋಡಿದರು. ಆವತ್ತೊಂದು ದಿನ ಅವರಿಗೆ ಹೆಂಗಿದೆ ಎಂದು ಕೇಳುವ ಧೈರ್ಯ ಬರಲಿಲ್ಲ.

ನಾನು ಎರಡು ಮಾರು ದೂರದಲ್ಲಿದ್ದೆ. ನನಗೆ ನಾತ ಬಂತು. ನಮ್ಮೂರಿನ ಹಾಗಲ್ಲ, ಅದರಲ್ಲಿ ಕಾಲುಭಾಗ, ಆದರೂ ಬಂತು. ಕೈ ಕರ್ಚೀಫಿಗೆ ಹೋದದ್ದನ್ನು ಕಂಡು ಅತ್ತೆ ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿದರು. ಆಮೇಲೆ ಮದುವೆಯ ರೇಷ್ಮೆ ಸೀರೆ ಎತ್ತಿಕಟ್ಟಿ ಮಾವನ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಆ ಬೊಗಸೆಗೆ ಮುಖ ಬಗ್ಗಿಸಿ ನಿಧಾನವಾಗಿ ಉಸಿರೆಳೆದುಕೊಂಡರು. ಸೆರಗು ಮೂಗಿನ ಹತ್ತಿರಕ್ಕೂ ಹೋಗಲಿಲ್ಲ.

"ಏನೂ ಇಲ್ಲ ಕಣ್ರೀ" ಅಂದರು. "ಬರೀ ನೀರು."

ಮಾವ ಒದ್ದೆ ಕೈಯಲ್ಲಿ ಜೇಬು ತಡಕಾಡಿದರು. ಡೈರಿ ಎಲ್ಲಿಂದ ಬರಬೇಕು? ನಾನು ನನ್ನ ಪೆನ್ನು ಕೊಟ್ಟೆ. ಜೇಬಿನಲ್ಲಿ ಸಿಕ್ಕ ಮದುವೆ ಪತ್ರಿಕೆಯನ್ನು ತಿರುಗಿಸಿ, ಹಿಂಬದಿಯಲ್ಲಿ ಬರೆದರು: 'ಸುಧಾರಣೆ ಇದೆ.'