ನಮ್ಮ ಕೆಪ್ಪಿಗೆ ಇಟ್ಟ ಹೆಸರುಗಳು

ಕಿವಿ ಕೇಳದ ಒಂದು ಮಗು ಮನೆಯಲ್ಲಿದ್ದರೆ ಸಾಕು, ಕಿವಿ ಕೇಳುವವರೆಲ್ಲ ತಪ್ಪು ತಪ್ಪು ಕೇಳಿಸಿಕೊಳ್ಳಲು ಶುರು ಮಾಡುತ್ತಾರೆ. ಮಸ್ಕತ್ತಿನಲ್ಲಿ ನಮಗೆ ವಾರಕ್ಕೊಮ್ಮೆಯಾದರೂ ಹೀಗೆ ಆಗುತ್ತಿತ್ತು.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಮಗಳಿಗೂ ಅಳಿಯನಿಗೂ ಆಫೀಸು, ಹಾಗಾಗಿ ಮೊಮ್ಮಗಳನ್ನು ನೋಡಿಕೊಳ್ಳಲು ನಾನು ದಾರ್ಸೈಟಿನ ಅವರ ಫ್ಲ್ಯಾಟಿಗೆ ಬಂದೆ. ಮಗುವಿಗೆ ಐದು ವರ್ಷ. ಕಿವಿಗೆ ಮಿಷನ್, ಎದೆಯ ಮೇಲೆ ಅದರ ಡಬ್ಬಿ. ಮಿಷನ್ ಹಾಕಿದರೂ ಕೇಳುವುದು ಅಷ್ಟಕ್ಕಷ್ಟೆ. ಎದುರಿದ್ದವರ ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತಿದ್ದಳು. ಆ ವರ್ಷ ಅಲ್ಲಿನ ಯಾವುದಾದರೂ ಶಾಲೆ ಅವಳನ್ನು ಸೇರಿಸಿಕೊಳ್ಳಬೇಕಿತ್ತು. ಇಲ್ಲದಿದ್ದರೆ ಅಪ್ಪ ಅಮ್ಮನನ್ನು ಬಿಟ್ಟು ಊರಿನ ಹಾಸ್ಟೆಲಿಗೆ ಹೋಗಬೇಕು. ಅದನ್ನು ನೆನೆಸಿ ಮಗಳು ಅಡುಗೆಮನೆಯಲ್ಲಿ ನಿಂತು ಅಳುವುದು, ನಾನು ಬಯ್ಯುವುದು, ಬಯ್ದ ಮೇಲೆ ನಾನೂ ಅಳುವುದು.

ಇಯರಿಂಗು

ನಾನು ಮಗುವನ್ನು ಕೆಪ್ಪಿ ಎಂದೇ ಕರೆಯುತ್ತಿದ್ದೆ, ಪ್ರೀತಿಯಿಂದಲೇ. ಅಳಿಯನಿಗೆ ಅದು ಸರಿಬರಲಿಲ್ಲ.

"ಅತ್ತೆ, ಹಾಗೆ ಹೇಳಬಾರದು. ಈಗ ಹಿಯರಿಂಗ್ ಇಂಪೇರ್ಡ್ ಅಂತ ಹೇಳುವುದು."

ಮರ್ಯಾದೆಯ ಮಾತಂತೆ. ಪಾತ್ರೆ ತೊಳೆಯುವಾಗ, ಬಟ್ಟೆ ಒಣಗಿಸುವಾಗ ಹೇಳಿ ಹೇಳಿ ಬಾಯಿಪಾಠ ಮಾಡಿದೆ. ಶುಕ್ರವಾರ ದೇವಸ್ಥಾನದ ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಒಬ್ಬಳು ಕೇಳಿದಳು, "ಮಗು ಮಾತಾಡುವುದಿಲ್ಲವಲ್ಲ, ಎಂತ ಆದದ್ದು?"

ನಾನು ಮೆಲ್ಲಗೆ ಹೇಳಿದೆ, "ಇಯರಿಂಗ್ ಪೇರ್."

"ಹೌದಾ! ಎಷ್ಟು ಪವನ್ ಚಿನ್ನದ್ದು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಬಗ್ಗಿ, ಮಗುವಿನ ಕೂದಲು ಸರಿಸಿ, ಕಿವಿಯ ಮಿಷನನ್ನು ನೋಡಿ ಬೆರಗಾದಳು. "ಅಬ್ಬಾ, ಈಗಿನ ಡಿಸೈನು ಎಂತ ದೊಡ್ಡದು ಮಾರಾಯ್ತಿ! ರೂವಿ ಪೇಟೆಯಲ್ಲಿ ಮಾಡಿಸಿದ್ದಾ?"

ಡಂಭ

ಮೊದಲು ಹೋದ ಶಾಲೆಯ ಗುಮಾಸ್ತ ನಮ್ಮ ಊರಿನ ಕಡೆಯವನೇ. ಡಾಕ್ಟರ ಕಾಗದ ನೋಡಿ ಎಲ್ಲರಿಗೂ ಕೇಳುವ ಹಾಗೆ ಓದಿದ, "ಡೆಫ್ ಅಂಡ್ ಡಂಬ್."

ಅಳಿಯನ ಮುಖ ಕೆಂಪಾಯಿತು. ನನಗೂ ಸಿಟ್ಟು ಬಂತು. ಕಿವಿ ಕೇಳುವುದಿಲ್ಲ ಎನ್ನಲಿ, ಅದು ಇದ್ದದ್ದೇ. ಇಲ್ಲದ್ದನ್ನು ಯಾಕೆ ಹೇಳಬೇಕು?

"ನೋಡಿ ಸಾಹೇಬರೇ," ಎಂದೆ, "ನಮ್ಮ ಮಗುವಿಗೆ ಡಂಭ ಎಂಬುದು ಚೂರೂ ಇಲ್ಲ. ಕೊಟ್ಟ ಅಂಗಿ ಹಾಕುತ್ತಾಳೆ, ಬಡಿಸಿದ್ದು ಉಣ್ಣುತ್ತಾಳೆ. ಡಂಭ ಸ್ವಲ್ಪ ಇದ್ದರೆ ಅವಳ ಅಪ್ಪನ ಕಡೆಯವರಿಗೆ ಉಂಟು."

ಗುಮಾಸ್ತ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ನಕ್ಕರೂ ಸೀಟು ಕೊಡಲಿಲ್ಲ. "ಇಲ್ಲಿ ಆಗುವುದಿಲ್ಲ ಅಮ್ಮ, ಖಲಾಸ್" ಎಂದು ಕಾಗದ ತಿರುಗಿಸಿಕೊಟ್ಟ.

ಡಂಬ್ ಎಂದರೆ ಮಾತು ಬಾರದವಳು ಎಂದರ್ಥ, ದಡ್ಡಿ ಎಂದೂ ಅರ್ಥ, ತಿಳಿದವರು ಈಗ ಆ ಮಾತು ಬಿಟ್ಟಿದ್ದಾರೆ ಎಂದು ಟ್ಯಾಕ್ಸಿಯಲ್ಲಿ ಅಳಿಯ ವಿವರಿಸಿದ. ಮಗುವನ್ನು ಮಡಿಲಲ್ಲಿ ಒತ್ತಿ ಹಿಡಿದು ಕೂತೆ. ಮನೆ ಹತ್ತಿರ ಬಂದಾಗ ಅಳಿಯ ನಿಧಾನಕ್ಕೆ ಕೇಳಿದ, "ಅಲ್ಲ ಅತ್ತೆ, ನಮ್ಮ ಕಡೆಯವರಿಗೆ ಡಂಭ ಎಲ್ಲಿ ಉಂಟು?"

ಮುತ್ತು

ನಮ್ಮ ಮೇಲಿನ ಫ್ಲ್ಯಾಟಿನಲ್ಲಿ ಇಟಲಿಯ ಗಂಡ ಹೆಂಡತಿ ಇದ್ದರು. ಗಂಡ ಎಂಜಿನಿಯರು. ಹೆಂಡತಿಗೆ ಚಿಕ್ಕಂದಿನಿಂದ ಕಿವಿ ಕೇಳದು, ಆದರೂ ಮಾತಾಡುತ್ತಿದ್ದಳು. ಮೆಟ್ಟಿಲಲ್ಲಿ ನಮ್ಮ ಮಗುವನ್ನು ಕಂಡದ್ದೇ ಕಂಡದ್ದು, ದಿನಾ ಸಂಜೆ ಕನ್ನಡಿ ಹಿಡಿದುಕೊಂಡು ಇಳಿದು ಬರುವುದು. ನಾನು ಒಂದು ಮಾತು ನಿಧಾನ ಹೇಳಬೇಕು. ಅವಳು ಮಗುವಿನ ಕೈಯನ್ನು ನನ್ನ ಗಂಟಲ ಮೇಲೆ ಇಡುವಳು. ಮತ್ತೆ ಕನ್ನಡಿ ನೋಡಿಕೊಂಡು ಮಗು ಹೇಳಬೇಕು. ಕನ್ನಡದ ಒಂದು ಅಕ್ಷರ ತಿಳಿಯದವಳು ನಮ್ಮ ಮಗುವಿಗೆ ಕನ್ನಡ ಮಾತಾಡಲು ಕಲಿಸಿದಳು ಎಂದರೆ ನಂಬುತ್ತೀರಾ? ಅಲ್ಲಿನ ದುಡ್ಡು ಒಂದು ಬೈಸೆ ಮುಟ್ಟಲಿಲ್ಲ ಪುಣ್ಯಾತ್ಗಿತ್ತಿ.

ಒಂದು ಸಂಜೆ ಮಗುವಿಗೆ ಹಾಲು ಹಿಡಿದು ಕರೆದೆ, "ಬಾ ಮುತ್ತಾ, ಕುಡಿ ಮುತ್ತಾ." ಇಟಲಿಯವಳು ನನ್ನ ತುಟಿಯನ್ನೇ ನೋಡುತ್ತಿದ್ದಳು. ಮುಖ ಕೆಂಡವಾಯಿತು. ಕನ್ನಡಿ ಎತ್ತಿಕೊಂಡು ದಡದಡ ಮೇಲೆ ಹೋದವಳು ಮೂರು ದಿನ ಇಳಿಯಲಿಲ್ಲ. ಮಗು ಬಾಗಿಲು ನೋಡುತ್ತಾ ಕೂತಿತ್ತು.

ನಾಲ್ಕನೇ ದಿನ ಡಬ್ಬಿಯಲ್ಲಿ ನೀರುದೋಸೆ ಹಾಕಿಕೊಂಡು ಅಳಿಯನನ್ನು ಕರೆದುಕೊಂಡು ಮೇಲೆ ಹೋದೆ. ಅವಳ ಗಂಡ ಹೇಳಿದ್ದನ್ನು ಅಳಿಯ ಕನ್ನಡ ಮಾಡಿ ಹೇಳಿದ. ಅವರಲ್ಲಿ ಸೊರ್ದಾ ಎಂದರೆ ಕಿವಿ ಕೇಳದವಳು, ಮೂತಾ ಎಂದರೆ ಮೂಗಿ. ಎರಡನ್ನೂ ಸೇರಿಸಿ ಸೊರ್ದೊಮೂತಾ ಎಂದು ಅವಳನ್ನು ಶಾಲೆಯಲ್ಲಿ ಕರೆಯುತ್ತಿದ್ದರಂತೆ. ಎಷ್ಟು ಕಷ್ಟಪಟ್ಟು ಮಾತು ಕಲಿತವಳು! ಈಗ ಸ್ವಂತ ಅಜ್ಜಿಯೇ ಮಗುವನ್ನು ಮೂಗಿ, ಮೂಗಿ ಎಂದು ಕರೆಯುವುದೇ ಎಂದು ಅವಳ ಹೊಟ್ಟೆ ಉರಿದದ್ದು.

ಅವಳ ಕೊರಳಲ್ಲೇ ಒಂದು ಮುತ್ತಿನ ಸರ ಇತ್ತು. ಅದರ ಒಂದು ಮಣಿ ಹಿಡಿದು, "ಇದು ಮುತ್ತು, ಇದು!" ಎಂದೆ. ಮಣಿ ನೋಡಿದಳು, ನನ್ನ ತುಟಿ ನೋಡಿದಳು, ನಕ್ಕಳು, ಅತ್ತಳು, ನನ್ನ ಬೆನ್ನು ಮುರಿಯುವ ಹಾಗೆ ತಬ್ಬಿದಳು.

ಹಾಗಾದರೆ ಅವಳನ್ನು ಏನೆಂದು ಕರೆಯಬೇಕು ಎಂದು ಅಳಿಯ ಕೇಳಿದ. ಗಂಡ ಮರ್ಯಾದೆಗೆಂದು, ಕಿವಿ ಕೇಳಿಸದವರು ಎಂಬ ಅರ್ಥದ ಹೊಸ ಮಾತೊಂದನ್ನು ಹೇಳಹೊರಟ. ಅವಳು ಅವನ ಬಾಯಿ ಮುಚ್ಚಿ, ತನ್ನ ಎದೆ ಮುಟ್ಟಿ, "ಸೊರ್ದಾ" ಎಂದಳು. ನನ್ನ ಕೆಪ್ಪಿಯ ಹಾಗೆ ನೆಟ್ಟಗಿನ ಮಾತು. ನನಗೆ ಹಿತವಾಯಿತು. ಆದರೆ ಗಂಡ ಬಿಡಬೇಕಲ್ಲ! ಅವಳ ಕೈ ಸರಿಸಿ ನನ್ನ ಕಡೆ ತಿರುಗಿ ಆ ಹೊಸ ಮಾತು ಹೇಳಿಯೇ ಬಿಟ್ಟ, "ನೋನ್ ಉದೆಂತೆ."

ಇದೆಂತ ಎಂದು ನಮ್ಮ ಕನ್ನಡದಲ್ಲೇ ಕೇಳುತ್ತಿದ್ದಾನೆ ಎಂದು ಖುಷಿಯಾಗಿ ಡಬ್ಬಿ ತೆರೆದೆ. "ನೀರುದೋಸೆ."

"ನೋ, ನೋ. ನೋನ್ ಉದೆಂತೆ."

"ನೀರುದೋಸೆ ಮಾರಾಯ್ರೆ! ತಿಂದು ನೋಡಿ!"

ಬಾಳೆ

ಎರಡನೆಯ ಶಾಲೆಯ ಹೆಡ್‌ಮಿಸ್ಸು ಮೈಸೂರಿನ ಕಡೆಯವರು. ಅವರೂ ಬೇಡವೆಂದರೆ ಊರಿನ ಹಾಸ್ಟೆಲೇ ಗತಿ. ಮಗಳು ಮನೆಯಲ್ಲಿ ದೇವರಿಗೆ ದೀಪ ಹಚ್ಚಿಟ್ಟು ಕೂತಿದ್ದಳು. ಹೆಡ್‌ಮಿಸ್ಸಿನ ಕೋಣೆಯಲ್ಲಿ ಕಿಟಕಿಯ ಎಸಿ ಅಕ್ಕಿ ಗಿರಣಿಯ ಹಾಗೆ ಗರಗರ ಎನ್ನುತ್ತಿತ್ತು. ಫಾರಮಿನಲ್ಲಿ ಹಿಯರಿಂಗ್ ಇಂಪೇರ್ಡ್ ಬರೆಯುವುದೋ ಹಾರ್ಡ್ ಆಫ್ ಹಿಯರಿಂಗ್ ಬರೆಯುವುದೋ ಎಂದು ಅಳಿಯ ಬೆವರುತ್ತಿದ್ದ. ಹೆಡ್‌ಮಿಸ್ಸು ನನ್ನ ಕಡೆ ತಿರುಗಿ ಏನೋ ಕೇಳಿದರು. ವಯಸ್ಸು ಎಂದಷ್ಟು ಕೇಳಿಸಿತು.

"ಐವತ್ತೆಂಟೋ ಅರವತ್ತೋ, ಬರೆದಿಟ್ಟವರಿಲ್ಲ," ಎಂದೆ.

ಅವರು ಮಗುವನ್ನೊಮ್ಮೆ ನೋಡಿ ಮತ್ತೆ ಕೇಳಿದರು, "ಮನೆಯಲ್ಲಿ ಯಾವ ಭಾಷೆ?"

"ಇಲ್ಲಿ ನೇಂದ್ರ ಸಿಗುತ್ತದೆ. ಕದಳಿ ಊರಿನಿಂದಲೇ ಬರಬೇಕು."

ಮಗು ನನ್ನ ಸೆರಗು ಜಗ್ಗಿ, ದಪ್ಪ ದನಿಯಲ್ಲಿ, ಕನ್ನಡಿಯ ಮುಂದೆ ಕಲಿತ ಹಾಗೆ ಒಂದೊಂದೇ ಅಕ್ಷರ ಹೇಳಿತು. "ಬಾಳೆ ಅಲ್ಲ ಅಜ್ಜಿ. ಭಾ... ಷೆ." ಹೆಡ್‌ಮಿಸ್ಸಿನ ತುಟಿಯನ್ನು ಅದು ಆಗಿನಿಂದ ನೋಡುತ್ತಲೇ ಇತ್ತು.

ಹೆಡ್‌ಮಿಸ್ಸು ಪೆನ್ನು ಕೆಳಗಿಟ್ಟು ಅಳಿಯನನ್ನು ಕೇಳಿದರು, "ಕಿವಿ ಕೇಳದ್ದು ಇವರಿಬ್ಬರಲ್ಲಿ ಯಾರಿಗೆ ಅಂದಿರಿ?"

ಅಳಿಯ ಜೋರಾಗಿ ನಕ್ಕುಬಿಟ್ಟ. ಹೆಡ್‌ಮಿಸ್ಸೂ ಕಣ್ಣೊರೆಸಿಕೊಂಡು ನಕ್ಕರು, ಏನೋ ಹೇಳುತ್ತಾ ಫಾರಮಿಗೆ ದಪ್ಪ್ ಎಂದು ಠಸ್ಸೆ ಒತ್ತಿದರು. ಆ ಠಸ್ಸೆ ಒತ್ತಿದ ಕೈ ತಣ್ಣಗಿರಲಿ ಎಂದು ಇವತ್ತಿಗೂ ಬೇಡಿಕೊಳ್ಳುತ್ತೇನೆ. ಆಗ ಮಾತ್ರ ನನಗೊಂದೂ ತಿಳಿಯಲಿಲ್ಲ. ಬಗ್ಗಿ ಮಗುವನ್ನೇ ಕೇಳಿದೆ, "ಎಂತ ಹೇಳಿದರು ಮುತ್ತಾ?"

ಮಗು ನನ್ನ ಮುಖ ನೋಡಿ, ಪಾಪ ಎಂಬ ಹಾಗೆ ನನ್ನ ಕೆನ್ನೆ ಸವರಿ ಹೇಳಿತು, "ನಾನು ಪಾಸು. ಅಜ್ಜಿ ಫೇಲು."